ಸೀಮೆಸುಣ್ಣ ಮುರಿದ ಜಾಗ

ಆಗಸ್ಟ್ ೪

ಅತ್ತಿಗೆ,

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ನನ್ನ ಗೋಳು ಕೇಳಿ. ನೀವು ಗಂಟಲಿನ ಆಪರೇಷನ್ನಿಗೆಂದು ಬಸ್ಸು ಹತ್ತಿದ ಮಾರನೇ ದಿನವೇ ದೊಡ್ಡ ಮೇಡಂ ನನ್ನನ್ನು ಕರೆಸಿದರು. "ನೋಡಿ ಡ್ರಾಯಿಂಗ್ ಮೇಷ್ಟ್ರೇ, ಚಿತ್ರಾನೂ ಕಲೆ, ಹಾಡೂ ಕಲೆ. ನಿಮ್ಮ ಅತ್ತಿಗೆ ಬರೋವರೆಗೂ ಹಾಡಿನ ಕ್ಲಾಸನ್ನೂ ನೀವೇ ನೋಡ್ಕೊಳ್ಳಿ. ಒಂದೇ ಮನೆಯೋರಲ್ವಾ?" ಅಂದರು. ಒಂದೇ ಮನೆಯವನಾದರೆ ಗಂಟಲೂ ಬಂದುಬಿಡುತ್ತದೆಯೇ? ಅಣ್ಣನಿಗೆ ಔಷಧಿ ಅಂಗಡಿ ಇದೆಯೆಂದು ನಾಳೆ ನನ್ನ ಕೈಗೆ ಸೂಜಿಯನ್ನೂ ಕೊಟ್ಟಾರು.

ಈಗ ಎರಡನೇ ಮತ್ತು ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಪಿರಿಯಡ್ಡಿಗೆ, ಒಂದೇ ಕೋಣೆಗೆ, ನನ್ನೊಬ್ಬನ ಮೈಮೇಲೆ ಬರುತ್ತಾರೆ. ಅರ್ಧ ಜನ ಕುಂಚ ಹಿಡಿದು ಹಾಡುತ್ತಾರೆ, ಇನ್ನರ್ಧ ಜನ ಹಾಡುತ್ತ ಪಕ್ಕದವರ ಬೆನ್ನಿಗೆ ಬಣ್ಣ ಬಳಿಯುತ್ತಾರೆ. ನೀವು ಹೋಗುವಾಗ "ಪಾಪ, ಹೇಳಿದ ಹಾಗೆ ಕೇಳ್ತವೆ ಕಣೋ" ಎಂದಿದ್ದಿರಲ್ಲ, ಅವು ಬೇರೆ ಮಕ್ಕಳಿರಬೇಕು. ನೀವು ಕಲಿಸಿದ ಮೋಡದ ಹಾಡು ಶುರುವಾದರೆ ಒಂದೊಂದು ಮಗು ಒಂದೊಂದು ಶ್ರುತಿ ಹಿಡಿಯುತ್ತದೆ. ಮುಂದಿನ ಸಾಲಿನ ಆ ಜುಟ್ಟಿನ ಹುಡುಗಿ, ನೀವು ತುತ್ತೂರಿ ಎಂದು ಕರೆಯುವವಳು, ಬಾಯಿ ತೆಗೆದರೆ ಉಳಿದವರು ಹಾಡಿದ್ದಾರೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಕೀಬೋರ್ಡಿನ ಗತಿಯಂತೂ ಹೇಳುವುದೇ ಬೇಡ. ಒಂದು ಕೀಲಿ ಒತ್ತಿದರೆ ಎರಡು ಕೂಗುತ್ತವೆ.

ಫೋನ್ ಮಾಡಿದರೆ ಡಾಕ್ಟರು ಬೇಡ ಎಂದದ್ದನ್ನೂ ಮರೆತು ನೀವು ಬಾಯಿ ಬಿಡುತ್ತೀರಿ ಎಂದು ಅಣ್ಣ ಎಚ್ಚರಿಸಿದ್ದಾನೆ. ಅದಕ್ಕೇ ಈ ಕಾಗದ. ಏನು ಕಲಿಸಬೇಕು, ಹೇಗೆ ಕಲಿಸಬೇಕು, ಬೇಗ ಬರೆಯಿರಿ. ಕ್ಷೇಮ ಸಮಾಚಾರ: ಅಣ್ಣ ಇವತ್ತೂ ಹಾಲು ಉಕ್ಕಿಸಿದ.

ನಿಮ್ಮ ಮೈದುನ


ಆಗಸ್ಟ್ ೧೧

ಮೈದುನರಾಯಾ,

ನಿನ್ನ ಗೋಳು ಕೇಳಿ ನಗು ಬಂತು, ನಕ್ಕರೆ ಗಂಟಲು ಉರಿಯುತ್ತದೆ. ಇನ್ನು ಮುಂದೆ ಹುಷಾರಾಗಿ ಬರೆ.

ಇಲ್ಲಿ ಅಕ್ಕನ ಮನೆಯಲ್ಲಿ ಕೊರಳಿಗೆ ಒಂದು ಸ್ಲೇಟು ನೇತುಹಾಕಿಕೊಂಡು ಓಡಾಡುತ್ತಿದ್ದೇನೆ. ನೀರು ಬೇಕಾದರೆ ಬರೆಯಬೇಕು, ಬೇಡವಾದರೂ ಬರೆಯಬೇಕು. ಮಾತು ನಿಂತಿರುವುದು ನನ್ನದು, ಆದರೆ ಅಕ್ಕ ನನಗೆ ಕಿವಿಯೂ ಹೋಗಿದೆ ಎಂದುಕೊಂಡು ಮನೆ ಕಿತ್ತು ಹೋಗುವ ಹಾಗೆ ಕಿರುಚಿ ಮಾತಾಡುತ್ತಾಳೆ. ಭಾವನವರು ಇನ್ನೂ ಒಂದು ಹೆಜ್ಜೆ ಮುಂದೆ, ನನಗೆ ಕೈಸನ್ನೆ ಮಾಡುತ್ತಾರೆ. ತಲೆ ಚಿಟ್ಟು ಹಿಡಿದುಹೋಗಿದೆ.

ಈಗ ಹೇಳುವುದನ್ನು ಗಮನವಿಟ್ಟು ಓದು. ಕುಂಚ, ಬಣ್ಣ, ನೀರಿನ ಡಬ್ಬಿ ಎಲ್ಲ ಹಾಡಿನ ಹೊತ್ತಿನಲ್ಲಿ ಬೀರುವಿನೊಳಗೆ ಇರಬೇಕು. ಮಕ್ಕಳನ್ನು ನಿಲ್ಲಿಸಿ ಹಾಡಿಸು, ಕೂತರೆ ಹೊಟ್ಟೆ ಮಡಚಿಕೊಳ್ಳುತ್ತದೆ. ತುತ್ತೂರಿಯನ್ನು ಗದರಬೇಡ. ಅವಳು ಜೋರಾಗಿ ಹಾಡುತ್ತಾಳೆ, ಆದರೆ ಸರಿಯಾಗಿ ಹಾಡುತ್ತಾಳೆ, ಬಾಕಿಯವರು ಅವಳನ್ನು ಹಿಡಿದುಕೊಂಡೇ ನಡೆಯುತ್ತಾರೆ. ನೀನು ಮೊದಲು ಒಂದು ಸಾಲು ಹಾಡಿ ತೋರಿಸಬೇಕು, ಆಮೇಲೆ ಅವರು. ಹಾಡು ಕಲಿಸುವುದಕ್ಕೆ ಬೇರೆ ದಾರಿಯೇ ಇಲ್ಲ.

ಇನ್ನೊಂದು ಮುಖ್ಯ ವಿಷಯ, ಇದಕ್ಕೇ ಎರಡನೇ ಹಾಳೆ ತೆಗೆದುಕೊಂಡಿದ್ದೇನೆ. "ಮೋಡವೇ ಮೋಡವೇ ಎಲ್ಲಿಗೆ ಹೊರಟೆ, ಸೂರಿನ ಮೇಲೇ ನಿಲ್ಲೇ ಚೂರು" ಎನ್ನುವ ಸಾಲಿದೆಯಲ್ಲ, ಅದರಲ್ಲಿ "ಹೊರಟೆ" ಆದ ಮೇಲೆ ಉಸಿರು ತೆಗೆದುಕೊಳ್ಳಬೇಕು. ಎಲ್ಲರೂ, ಒಟ್ಟಿಗೆ. ಅಲ್ಲಿ ತೆಗೆದುಕೊಳ್ಳದಿದ್ದರೆ "ಚೂರು" ಬರುವ ಹೊತ್ತಿಗೆ ಯಾರಲ್ಲೂ ಉಸಿರಿರುವುದಿಲ್ಲ, ಹಾಡು ಅಲ್ಲೇ ಸೊರಗುತ್ತದೆ. ಮೂರು ವರ್ಷದಿಂದ "ಉಸಿರು! ಉಸಿರು!" ಎಂದು ಕೂಗಿದ್ದೇನೆ. ಒಂದೇ ಒಂದು ದಿನ ಕೇಳಿಲ್ಲ. ನಿನ್ನ ಕೈಲಾದರೂ ಆಗುತ್ತದೋ ನೋಡು.

ಹಾಲು ಉಕ್ಕುವಾಗ ಒಲೆಯ ಮುಂದೆ ನಿಂತಿರಬೇಕು ಎಂದು ನಿಮ್ಮಣ್ಣನಿಗೆ ಹೇಳು.

ಅತ್ತಿಗೆ


ಆಗಸ್ಟ್ ೧೯

ಅತ್ತಿಗೆ,

ನೀವು ಹೇಳಿದ ಹಾಗೇ ಹಾಡಿ ತೋರಿಸಿದೆ. ಮಾನ ಹರಾಜಾಯಿತು. ಮೊದಲು ಒಂದು ಮಗು ನಕ್ಕಿತು, ಆಮೇಲೆ ಕೋಣೆಯೇ ನಕ್ಕಿತು, ಎರಡನೇ ತರಗತಿಯ ಒಂದು ಪುಟ್ಟದು ಹೆದರಿ ಅತ್ತೂ ಬಿಟ್ಟಿತು. ಇನ್ನೂ ಕೆಟ್ಟದ್ದು ಏನೆಂದರೆ ಆಮೇಲೆ ಅವರೆಲ್ಲ ನಾನು ಹಾಡಿದ ಹಾಗೇ ಹಾಡಿದರು. ಗೊಗ್ಗರು ಧ್ವನಿಯಲ್ಲಿ, ನನ್ನ ಹಾಗೇ ಮೂಗಿನಲ್ಲಿ. ಪಕ್ಕದ ಕೋಣೆಯಿಂದ ಲೆಕ್ಕದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು, "ಏನ್ ಸಾರ್, ಯಾರಿಗಾದ್ರೂ ಏಟಾಯ್ತಾ?" ಎಂದು ಕೇಳಿದರು. ಆ ಮನುಷ್ಯನಿಗೆ ನಮ್ಮ ಪಿರಿಯಡ್ಡಿನ ಮೇಲೆ ಮೊದಲಿಂದಲೂ ಕಣ್ಣು.

ನಿಮ್ಮ ಕಾಗದದ ಎರಡನೇ ಹಾಳೆಯ ಮೇಲೆ ಒಂದು ಮಗು ನೀಲಿ ಬಣ್ಣ ಕಲಸಿಬಿಟ್ಟಿದೆ. ತಟ್ಟೆ ಸಿಗಲಿಲ್ಲವಂತೆ. "ಇನ್ನೊಂದು ಮುಖ್ಯ ವಿಷಯ" ಎನ್ನುವವರೆಗೆ ಓದಲು ಬರುತ್ತದೆ, ಅದರಾಚೆ ಬರೀ ಆಕಾಶ. ಏನು ಬರೆದಿದ್ದಿರಿ? ಇನ್ನೊಮ್ಮೆ ಬರೆಯಿರಿ.

ಉಳಿದಂತೆ ಎಲ್ಲ ಸರಿಯಿದೆ. ದೊಡ್ಡ ಮೇಡಂ ಏನೋ ಅಂದರು, ಅದೇನೂ ಅಂಥ ದೊಡ್ಡ ವಿಷಯವಲ್ಲ. ನೀವು ಗಂಟಲು ನೋಡಿಕೊಳ್ಳಿ.

ನಿಮ್ಮ ಮೈದುನ


ಆಗಸ್ಟ್ ೨೭

ಮೈದುನನಿಗೆ,

"ಅಂಥ ದೊಡ್ಡ ವಿಷಯವಲ್ಲ" ಅಲ್ಲವೇ? ನಿಮ್ಮಣ್ಣ ಜನ್ಮಕ್ಕೊಂದು ಕಾಗದ ಬರೆಯುವವರು, ಮೊನ್ನೆ ಎರಡು ಸಾಲು ಬರೆದಿದ್ದಾರೆ. ಹಾಗೇ ಇಳಿಸುತ್ತೇನೆ, ಓದು: "ಪೋಷಕರ ದಿನದಂದು ಮಕ್ಕಳು ಸರಿಯಾಗಿ ಹಾಡದಿದ್ದರೆ ನಿನ್ನ ಪಿರಿಯಡ್ಡನ್ನು ಲೆಕ್ಕದ ಮೇಷ್ಟ್ರಿಗೆ ಕೊಡುತ್ತಾರಂತೆ. ಇಲ್ಲಿ ಎಲ್ಲ ಕ್ಷೇಮ." ಎಲ್ಲ ಕ್ಷೇಮವಂತೆ! ಆ ಮನುಷ್ಯನ ಜೊತೆ ಹೇಗೆ ಬಾಳಿದೆನೋ.

ಅವರದು ಬಿಡು. ನೀನು ಯಾಕೆ ಮುಚ್ಚಿಟ್ಟೆ? ಆ ಹಿಂದಿನ ಕೋಣೆಯಲ್ಲಿ ಹಾಡಿನ ಕ್ಲಾಸು ಬೇಕು ಎಂದು ನಾನು ಎಷ್ಟು ಜನರ ಬಾಗಿಲು ತಟ್ಟಿದ್ದೆ ಎಂದು ನಿನಗೆ ಗೊತ್ತಿಲ್ಲವೇ? ಮುರುಕಲು ಕೀಬೋರ್ಡನ್ನು ನೀನೇ ಅಲ್ಲವೇ ಹೆಗಲ ಮೇಲೆ ಹೊತ್ತು ತಂದದ್ದು? ಆ ಒಂದು ಪಿರಿಯಡ್ಡೇ ನನ್ನದು. ಉಳಿದ ಹೊತ್ತೆಲ್ಲ ಸಮಾಜ ಪಾಠ, ಹಾಜರಿ, ಬಿಸಿನೀರು, ನಿಮ್ಮಣ್ಣನ ಡಬ್ಬಿ. ಅದೂ ಹೋದರೆ ನಾನು ಶಾಲೆಗೆ ಯಾಕೆ ಬರಬೇಕು?

ಆ ನೀಲಿಯಾದ ಹಾಳೆಯ ಮಾತು ಈಗ ಇರಲಿ, ಮೂರು ವರ್ಷದಲ್ಲಿ ನನ್ನ ಕೈಲೇ ಆಗದ್ದು ಅದು. ಅಭ್ಯಾಸ ಜಾಸ್ತಿ ಮಾಡಿಸು. ನಗುತ್ತಾರೆಂದು ನಾಚಿಕೊಂಡು ಕೂರಬೇಡ. ನಗಲಿ.

ಡಾಕ್ಟರು ನೋಡಿದರು. ಗಾಯ ಮಾಗಿದೆ ಎಂದರು.

ಅತ್ತಿಗೆ


ಸೆಪ್ಟೆಂಬರ್ ೫

ಅತ್ತಿಗೆ,

ಹೌದು, ಮುಚ್ಚಿಟ್ಟೆ. ಬಾಯಿ ಬಿಡಬಾರದವರಿಗೆ ಕೋಪ ಬರುವ ಸುದ್ದಿ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅಣ್ಣನಿಗೆ ಗೊತ್ತಿರಬೇಕಿತ್ತು. ಅವನನ್ನು ಕೇಳಿದರೆ "ನಾನು ಕ್ಷೇಮ ಅಂತಾನೂ ಬರ್ದಿದ್ನಲ್ಲ" ಎನ್ನುತ್ತಾನೆ.

ಇನ್ನು ಹಾಡಿ ತೋರಿಸುವ ಕೆಲಸ ಮುಗಿಯಿತು. ಸೋಮವಾರ ಮಕ್ಕಳು ಮತ್ತೆ ನನ್ನ ಹಾಗೆ ಮೂಗಿನಲ್ಲಿ ಶುರುಮಾಡಿದಾಗ ನನಗೆ ರೇಗಿಹೋಯಿತು. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಈ ತುದಿಯಿಂದ ಒಂದು ಗೆರೆ ಎಳೆಯತೊಡಗಿದೆ. "ನನ್ ಬಾಯಿ ನೋಡ್ಬೇಡಿ, ನನ್ ಕೈ ನೋಡಿ. ಗೆರೆ ಮೇಲೆ ಹೋದ್ರೆ ನೀವೂ ಮೇಲೆ ಹೋಗಿ, ಇಳಿದ್ರೆ ಇಳೀರಿ, ಸಾಕು" ಅಂದೆ. ಗೆರೆ ಎಳೆಯುವುದಾದರೂ ನನಗೆ ಬರುತ್ತದಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇಡೀ ಕೋಣೆ ಆ ಗೆರೆಯ ಹಿಂದೆ ಒಟ್ಟಿಗೆ ಬಂತು. ದಪ್ಪ ಎಳೆದರೆ ಜೋರಾಗಿ, ತೆಳ್ಳಗೆ ಎಳೆದರೆ ಮೆಲ್ಲಗೆ. ತುತ್ತೂರಿಯೂ ತೆಳ್ಳಗಾದಳು! ಬೋರ್ಡಿನ ಮೇಲೆ ಒಂದು ನೊಣ ಕೂತಿತ್ತು, ಅಲ್ಲಿ ಒಂದು ಮಗು "ಟಕ್" ಎಂದೂ ಹಾಡಿತು.

ಆದರೆ ಒಂದು ಎಡವಟ್ಟಾಗಿದೆ, ಹೇಳದೇ ಇರಲಾರೆ. ಮೊದಲ ಸಾಲಿನ ನಡುವೆ ಎಲ್ಲೋ ಸೀಮೆಸುಣ್ಣ ಪಟ್ಟೆಂದು ಮುರಿಯಿತು. ಚೂರು ಕೆಳಗೆ ಬಿತ್ತು, ಗೆರೆ ಕಡಿಯಿತು. ಮಕ್ಕಳೂ ಅಲ್ಲೇ ಕಡಿದು ನಿಂತರು. ನಾನು ಬೇರೆ ಸೀಮೆಸುಣ್ಣ ತೆಗೆದು ಮುಂದುವರಿಸಿದೆ, ಅವರೂ ಮುಂದುವರಿದರು. ಈಗ ಗೆರೆಯನ್ನು ಎಷ್ಟು ಸಲ ಸೇರಿಸಿ ಬರೆದರೂ ಆ ಜಾಗ ಬಂದರೆ ಎಲ್ಲರೂ ನಿಂತೇ ನಿಲ್ಲುತ್ತಾರೆ. ನಿಮ್ಮ ಹಾಡಿನಲ್ಲಿ ಒಂದು ತೂತು ಮಾಡಿಬಿಟ್ಟೆ, ಬೈಯಬೇಡಿ. ಸರಿಮಾಡುತ್ತೇನೆ.

ನಿಮ್ಮ ಮೈದುನ


ಸೆಪ್ಟೆಂಬರ್ ೧೪

ಮೈದುನನಿಗೆ,

ಕಾಗದ ಓದಿದೆ. ಹಾಡಿನ ಕ್ಲಾಸಿನಲ್ಲೂ ನೀನು ಚಿತ್ರವನ್ನೇ ತಂದು ಕೂರಿಸಿದೆ. ಮಕ್ಕಳು ನಡುಸಾಲಿನಲ್ಲಿ ತುಂಡಾಗಿ ನಿಲ್ಲುತ್ತಾರೆ, ನೊಣ ಕಂಡರೆ ಟಕ್ ಎನ್ನುತ್ತಾರೆ. ಮೂರು ವರ್ಷದ ಕೆಲಸ ಎಕ್ಕುಟ್ಟಿ ಹೋಯಿತು. ಇರಲಿ.

ನಾನಿಲ್ಲದೆಯೂ ಅಲ್ಲಿ ಎಲ್ಲ ನಡೆಯುತ್ತದೆ ಎಂದಾಯಿತಲ್ಲ. ದೊಡ್ಡ ಮೇಡಂ ಹತ್ತಿರ ಹೋಗಿ, ಹಾಡಿನ ಕ್ಲಾಸಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದು ಹೇಳು. ಲೆಕ್ಕದ ಮೇಷ್ಟ್ರಿಗೇ ಕೊಟ್ಟರೂ ಸರಿ. ಕಾರಣ ಕೇಳಬೇಡ.

ಅತ್ತಿಗೆ


ಸೆಪ್ಟೆಂಬರ್ ೨೦

ಅತ್ತಿಗೆ,

ನಾನು ಹೇಳುವುದಿಲ್ಲ. ಬೇಕಿದ್ದರೆ ನೀವೇ ಬಂದು ನಿಮ್ಮ ಸ್ಲೇಟಿನ ಮೇಲೆ ಬರೆದು ತೋರಿಸಿ.

ಏನೆಂದುಕೊಂಡಿದ್ದೀರಿ ನನ್ನನ್ನು? ನಿಮ್ಮ ಕ್ಲಾಸು ಕಿತ್ತುಕೊಳ್ಳಲು ನಾನು ತುದಿಗಾಲಲ್ಲಿ ನಿಂತಿದ್ದೇನೆಯೇ? ಅಂಗಿಯ ತುಂಬ ಸೀಮೆಸುಣ್ಣ, ಕನಸಿನಲ್ಲೂ ಮೋಡದ ಹಾಡು, ಬೆಳಗ್ಗೆ ಎದ್ದರೆ ಅಣ್ಣನೂ ಅದನ್ನೇ ಗುನುಗುತ್ತ ಹಾಲು ಉಕ್ಕಿಸುತ್ತಿರುತ್ತಾನೆ. ಯಾರಿಗಾಗಿ ಇದೆಲ್ಲ? ಒಂದು ತೂತು ಬಿದ್ದಿದ್ದಕ್ಕೆ ಇಷ್ಟು ಮುನಿಸು ಸಲ್ಲದು ಅತ್ತಿಗೆ. ನನಗೆ ನಿಜವಾಗಿ ಬೇಜಾರಾಯಿತು.

ತೂತು ಮುಚ್ಚಲು ಮಾಡದ ಕಸರತ್ತಿಲ್ಲ. ಗೆರೆ ಜೋಡಿಸಿದೆ, ಬಣ್ಣದ ಸೀಮೆಸುಣ್ಣದಲ್ಲಿ ತಿದ್ದಿದೆ, ಕಡೆಗೆ ಬೋರ್ಡೇ ಒರೆಸಿ ಸುಮ್ಮನೆ ಹಾಡಿ ಎಂದೆ. ಬರಿಯ ಕಪ್ಪು ಬೋರ್ಡಿನ ಮುಂದೆಯೂ "ಎಲ್ಲಿಗೆ ಹೊರಟೆ" ಎನ್ನುತ್ತಿದ್ದಂತೆ ಎಲ್ಲರೂ ನಿಂತು, ಭುಜ ಎತ್ತಿ, ಬುಸ್ ಎಂದು ಗಾಳಿ ಎಳೆದುಕೊಂಡು, ಆಮೇಲೆ "ಸೂರಿನ" ಎನ್ನುತ್ತಾರೆ. ತುತ್ತೂರಿಯನ್ನು ಕರೆದು ಯಾಕಮ್ಮಾ ಎಂದು ಕೇಳಿದೆ. "ಸಾರ್, ಅಲ್ಲಿ ಸೀಮೆಸುಣ್ಣ ಎತ್ತಿದ್ರಲ್ಲ, ಆವಾಗ ಉಸಿರು ತಗೊಂಡ್ವಿ. ಚೆನ್ನಾಗಿತ್ತು. ಆಮೇಲೆ ಕೊನೇವರೆಗೂ ಸುಸ್ತಾಗ್ಲೇ ಇಲ್ಲ" ಎಂದಳು. ಇದಕ್ಕೆ ನಾನು ಏನು ಮಾಡಲಿ? ಸೋತೆ.

ಪೋಷಕರ ದಿನ ಅಕ್ಟೋಬರ್ ಹತ್ತಕ್ಕೆ. ನನಗೆ ಕೈಕಾಲು ಆಡುತ್ತಿಲ್ಲ.

ನಿಮ್ಮ ಮೈದುನ


ಸೆಪ್ಟೆಂಬರ್ ೨೮

ಬೆಪ್ಪೇ! ನನ್ನ ಬೆಪ್ಪು ಮೈದುನನೇ!

"ಹೊರಟೆ" ಆದ ಮೇಲೆಯೇ? ನಿಂತದ್ದು ಅಲ್ಲಿಯೇ? ಎಲ್ಲರೂ ಒಟ್ಟಿಗೇ? ಸೀಮೆಸುಣ್ಣ ಮುರಿದ ಸುದ್ದಿಯ ಕಾಗದದಲ್ಲಿ "ನಡುವೆ ಎಲ್ಲೋ" ಎಂದು ಬರೆದೆಯಲ್ಲ, ಆ ಒಂದು ಪದ ಬರೆಯಲು ನಿನ್ನ ಕೈಗೆ ಏನಾಗಿತ್ತು? ಆ ನೀಲಿ ಬಣ್ಣದ ಅಡಿಯಲ್ಲಿ ನಾನು ಬರೆದಿದ್ದು ಅದನ್ನೇ ಕಣೋ. ಅಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು. ಆ ಮಗು ಹಾಳೆಯ ಮೇಲೆ ಬಣ್ಣ ಕಲಸಿತು, ನೀನು ಸೀಮೆಸುಣ್ಣ ಮುರಿದೆ, ಕೆಲಸ ಆಗಿಹೋಯಿತು. ನಾನು ಮೂರು ವರ್ಷ ಅರಚಿದ್ದೇ ಬಂತು. ಆ ತೂತನ್ನು ಮುಟ್ಟಿದರೆ ನಿನ್ನ ಕೈ ಮುರಿಯುತ್ತೇನೆ.

ನಿನ್ನ ಮನಸ್ಸು ನೋಯಿಸಿದೆ. ನನ್ನ ಮುನಿಸು ನಿನ್ನ ಮೇಲಾಗಿರಲಿಲ್ಲ. ಗಾಯ ಮಾಗಿದೆ ಎಂದು ಬರೆದಿದ್ದೆನಲ್ಲ, ಡಾಕ್ಟರು ಅದಾದ ಮೇಲೆ ಇನ್ನೊಂದು ಮಾತು ಹೇಳಿದರು. "ಮಾತಾಡ್ಬೋದು, ಮೆಲ್ಲಗೆ, ಸ್ವಲ್ಪ ಸ್ವಲ್ಪ. ಆದ್ರೆ ಹಾಡೋದನ್ನ ಮರ್ತುಬಿಡಿ ಅಮ್ಮಾ" ಎಂದರು. ನಾನು ನಂಬಲಿಲ್ಲ. ಒಂದು ದಿನ ಅಕ್ಕ ಹೊರಗೆ ಹೋಗಿದ್ದಾಗ ಬಚ್ಚಲಿನ ನಲ್ಲಿ ಬಿಟ್ಟುಕೊಂಡು "ಮೋಡವೇ" ಎಂದು ಶುರುಮಾಡಿದೆ. ಬಂದದ್ದು ಧ್ವನಿಯಲ್ಲ, ತುಕ್ಕು ಹಿಡಿದ ಬಾಗಿಲ ಕೀರಲು. ನಲ್ಲಿ ನಿಲ್ಲಿಸದೆ ಅಲ್ಲೇ ಕೂತು ಅತ್ತೆ. ಅಕ್ಕ ಬಂದು ನೀರು ಪೋಲಾಯಿತು ಎಂದು ಬೈದಳು, ಬೈಸಿಕೊಂಡೆ.

ಹಾಡಿ ತೋರಿಸುವುದನ್ನು ಬಿಟ್ಟರೆ ಕಲಿಸಲು ಬೇರೆ ದಾರಿಯೇ ಇಲ್ಲ ಎಂದು ನಿನಗೆ ಬರೆದವಳು ನಾನೇ. ಹಾಡಲಾಗದ ಮೇಲೆ ಆ ಮಕ್ಕಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಅದಕ್ಕೇ ಬೇಡ ಎಂದೆ. ನಿಮ್ಮಣ್ಣನಿಗೂ ಹೇಳಿಲ್ಲ.

ಆ ಸಾಲಿನ ಕೊನೆಯ "ಚೂರು" ಮೇಲೆ ಗೆರೆ ಥಟ್ಟನೆ ನಿಲ್ಲಬಾರದು, ಮೆಲ್ಲಗೆ ತೆಳುವಾಗುತ್ತ ಇಳಿಯಲಿ. ಇಷ್ಟು ಮಾಡು, ಸಾಕು. ನಾನು ಬರುವುದಿಲ್ಲ.

ಅತ್ತಿಗೆ


ಅಕ್ಟೋಬರ್ ೩

ಅತ್ತಿಗೆ,

ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ಅಣ್ಣನಿಗೂ ಓದಿ ಹೇಳಿದೆ, ಬೈದರೆ ಬೈಯಿರಿ, ಇನ್ನು ಈ ಮನೆಯಲ್ಲಿ ಮುಚ್ಚಿಡುವ ಆಟ ಸಾಕು. ಅಣ್ಣ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದ. "ಅವಳು ಹಾಡ್ದೇ ಇದ್ರೆ ಮನೆ ಹೆಂಗಿರುತ್ತೆ" ಎಂದು ಕೇಳಿದ. ಹಾಲು ಉಕ್ಕುತ್ತಿತ್ತು, ಇಬ್ಬರೂ ಏಳಲಿಲ್ಲ.

ಆದರೆ ಇನ್ನೊಂದು ವಿಷಯಕ್ಕೆ ನನಗೆ ಕೋಪ ಬಂದಿದೆ. ಯಾವ ಮುಖ ಹೊತ್ತು ನಿಲ್ಲಲಿ ಎನ್ನುತ್ತೀರಲ್ಲ, ನನ್ನ ಮುಖ ಹೊತ್ತು ನಾನು ಎರಡು ತಿಂಗಳಿಂದ ನಿಂತಿಲ್ಲವೇ? ನನ್ನದು ಕತ್ತೆ ಗಂಟಲು, ನಿಮಗೀಗ ಅದೂ ಇಲ್ಲ. ವ್ಯತ್ಯಾಸ ಇಷ್ಟೇ, ನನಗೆ ಗೆರೆ ಎಳೆಯಲು ಬರುತ್ತದೆ, ಹಾಡು ಗೊತ್ತಿಲ್ಲ. "ಚೂರು" ಎಂಬಲ್ಲಿ ತೆಳುವಾಗುತ್ತ ಇಳಿಸು ಎಂದಿರಿ, ಇಳಿಸಿದೆ. ಎಷ್ಟು ಹೊತ್ತು ಇಳಿಸಬೇಕೆಂದು ತಿಳಿಯದೆ ಬೋರ್ಡಿನ ಅಂಚಿನವರೆಗೂ ಹೋದೆ, ಪಾಪದ ಮಕ್ಕಳು ಕೆಂಪಗಾಗಿ ಕಣ್ಣು ಮೇಲೆ ಮಾಡಿದವು, ಒಂದು ಕೂತೇ ಬಿಟ್ಟಿತು. ಹಾಡು ಗೊತ್ತಿದ್ದವರ ಕೈ ಬೇಕು. ಕೈ ಎತ್ತಲು ಗಂಟಲು ಬೇಡ.

ನಮ್ಮ ಕೋಣೆಯ ಬೋರ್ಡು ಗೋಡೆಯದು, ಕಾಲಿರುವ ಬೋರ್ಡನ್ನು ವೇದಿಕೆಗೆ ಸಾಗಿಸಲು ಲೆಕ್ಕದ ಮೇಷ್ಟ್ರು ಬಿಡುತ್ತಿಲ್ಲ, ಅದು ಅವರ ತರಗತಿಯ ಸ್ವತ್ತಂತೆ. ಗಾಳಿಯಲ್ಲೇ ಗೆರೆ ಎಳೆಯಬೇಕು. ನಾನು ಎಳೆದರೆ ಮಕ್ಕಳಿಗೆ ಸೊಳ್ಳೆ ಓಡಿಸಿದ ಹಾಗೆ ಕಾಣುತ್ತದಂತೆ. ಬರುವುದಾದರೆ ಬನ್ನಿ. ಬರದಿದ್ದರೆ ಹತ್ತನೇ ತಾರೀಕು ಹಾಡೂ ಇಲ್ಲ, ಪಿರಿಯಡ್ಡೂ ಇಲ್ಲ, ನಿಮ್ಮ ಮೈದುನನ ಮರ್ಯಾದೆಯಂತೂ ಮೊದಲೇ ಇಲ್ಲ.

ಬಸ್ಸು ನಿಲ್ಲುವ ಕಡೆ ಅಣ್ಣ ಎಂಟರಿಂದ ಮೂರು ದಿನವೂ ನಿಂತಿರುತ್ತಾನಂತೆ. ಹೇಳಿದರೂ ಕೇಳುತ್ತಿಲ್ಲ.

ನಿಮ್ಮ ಮೈದುನ


ಅಕ್ಟೋಬರ್ ೧೩, ಹಾಡಿನ ಕೋಣೆಯಿಂದ

ಮೈದುನರಾಯಾ,

ಈ ಚೀಟಿಯನ್ನು ತುತ್ತೂರಿಯ ಕೈಲಿ ಕಳಿಸುತ್ತಿದ್ದೇನೆ. ಇವತ್ತಿನ ಮಾತೆಲ್ಲ ಬೆಳಗ್ಗೆ ದೊಡ್ಡ ಮೇಡಂ ಹತ್ತಿರವೇ ಖರ್ಚಾಯಿತು. ಪಿರಿಯಡ್ಡು ನಮ್ಮದೇ ಎಂದು ಬಾಯಲ್ಲಿ ಹೇಳಿದ್ದು ಸಾಲದು, ವೇಳಾಪಟ್ಟಿಯಲ್ಲಿ ಬರೆಯಿರಿ ಎಂದು ಪಿಸುಗುಟ್ಟಿ ಪಿಸುಗುಟ್ಟಿ ಸಾಕಾಯಿತು. ಬರೆದರು. ನಿನ್ನ ಡ್ರಾಯಿಂಗ್ ಕ್ಲಾಸನ್ನು ಸಾಮಾನು ಕೋಣೆಗೆ ಎತ್ತಂಗಡಿ ಮಾಡಿದ್ದಕ್ಕೆ ನಾನು ಕಾರಣಳಲ್ಲ, ನನ್ನ ಮೇಲೆ ಮುಖ ಊದಿಸಬೇಡ. ಅದಕ್ಕೂ ಜಗಳವಾಡುತ್ತೇನೆ, ಬುಧವಾರ. ಅಷ್ಟು ಹೊತ್ತಿಗೆ ಮಾತು ಕೂಡಿರುತ್ತದೆ.

ಪೋಷಕರ ದಿನದಂದು ನೀನು ಪರದೆಯ ಹಿಂದೆ ನಿಂತಿದ್ದೆ, ನಿನಗೆ ಮಕ್ಕಳ ಮುಖ ಕಾಣಲಿಲ್ಲ. ಮನೆಯಲ್ಲಿ ನಿನ್ನೆದುರು ಇದನ್ನು ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹಿಂದಿನ ದಿನದ ಅಭ್ಯಾಸದಲ್ಲಿ ಏನಾಯಿತು ನೆನಪಿದೆಯಲ್ಲ? ಮಕ್ಕಳ ಕಡೆ ಮುಖ ಮಾಡಿ ನಾನು ನನ್ನ ಎಡದಿಂದ ಬಲಕ್ಕೆ ಗೆರೆ ಎಳೆದರೆ, "ಮೇಡಂ, ಹಾಡು ವಾಪಸ್ ಹೋಗ್ತಿದೆ" ಎಂದಳು ತುತ್ತೂರಿ. ರಾತ್ರಿಯೆಲ್ಲ ಕನ್ನಡಿಯ ಮುಂದೆ ನಿಂತು ತಿರುಗಿಸಿ ಕಲಿತೆ. ನಿಮ್ಮಣ್ಣ ಮಂಚದ ಮೇಲೆ ಕೂತು ಎದುರಿಗೆ ನಿಂತ ಮಗುವಿನ ಹಾಗೆ ಹಾಡಿದರು. ಅವರ ಶ್ರುತಿಯ ಬಗ್ಗೆ ಬರೆಯಲಾರೆ.

ವೇದಿಕೆ ಹತ್ತಿದೆ. ಹಿಂದೆ ಅಷ್ಟು ಜನ, ಮುಂದೆ ಮಕ್ಕಳು, ನನ್ನ ಗಂಟಲಲ್ಲಿ ಏನೂ ಇಲ್ಲ. ಕೈಯಲ್ಲಿ ನೀನು ಕೊಟ್ಟ ಸೀಮೆಸುಣ್ಣ. ಎತ್ತಿದೆ. "ಮೋಡವೇ ಮೋಡವೇ ಎಲ್ಲಿಗೆ ಹೊರಟೆ" ಎಂದು ಬಂತು, ನನ್ನ ಕೈಯ ಹಿಂದೆಯೇ ಬಂತು. ಅಲ್ಲಿ ಸೀಮೆಸುಣ್ಣ ಎತ್ತಿ ನಿಲ್ಲಿಸಿದೆ. ಅಷ್ಟೂ ಮಕ್ಕಳು ಒಟ್ಟಿಗೆ ಉಸಿರು ಎಳೆದುಕೊಂಡರು. ಆ ಸದ್ದು ಕೇಳಿಸಿತೇ ನಿನಗೆ? ನಾನು ಮೂರು ವರ್ಷ ಕೂಗಿದ್ದು ಆ ಒಂದು ಸದ್ದಿಗೆ. ನನ್ನ ಗಂಟಲು ಹೋದದ್ದೂ ಅದನ್ನೇ ಕೂಗಿ ಕೂಗಿ. ಆ ಕ್ಷಣ ಮುಂದಿನ ಗೆರೆ ಎಳೆಯುವುದೇ ಮರೆತುಹೋಯಿತು. ಮಕ್ಕಳು ಭುಜ ಎತ್ತಿಕೊಂಡು ನನ್ನ ಕೈಯನ್ನೇ ನೋಡುತ್ತ ಕಾದರು, ಒಬ್ಬರೂ ಮುಂದೆ ಓಡಲಿಲ್ಲ.

ಈಗ ಮೂರನೇ ತರಗತಿ ಸಾಲಾಗಿ ಬಂದು ನಿಂತಿದೆ. ಹೊಸ ಹಾಡು ಶುರುಮಾಡಬೇಕು, ಇದರಲ್ಲಿ ಉಸಿರಿನ ಜಾಗ ನಾಲ್ಕು ಇವೆ. ಇಲ್ಲಿರುವ ಸೀಮೆಸುಣ್ಣ ಎಲ್ಲ ಉದ್ದುದ್ದ, ಗಟ್ಟಿ. ನಿನ್ನ ಡಬ್ಬಿಯ ತಳದಲ್ಲಿ ಮುರಿದ ಚೂರುಗಳಿರುತ್ತವಲ್ಲ, ಅವನ್ನು ಎಸೆಯಬೇಡ. ತುತ್ತೂರಿಯ ಕೈಲಿ ಕೊಟ್ಟು ಕಳಿಸು.

ಅತ್ತಿಗೆ